ಅರ್ಧ ಗುಲಗಂಜಿಯ ಲೆಕ್ಕ

ಅಮೆರಿಕದಲ್ಲಿ ಗುರಿ ಅಭ್ಯಾಸದ ಮೈದಾನಕ್ಕೆ ಬರುವವರಲ್ಲಿ ಎರಡು ಪಂಗಡ. ಬಂದು ಹೊಡೆದು, ಬಂದೂಕನ್ನು ಚೀಲಕ್ಕೆ ಸೇರಿಸಿ, ಕಾರು ಹತ್ತಿ ಹೊರಟೇಬಿಡುವವರು ಒಂದು ಪಂಗಡ. ಇನ್ನೊಂದು ಪಂಗಡದವರು ಹೊಡೆದಾದ ಮೇಲೆ ಸೊಂಟ ಬಗ್ಗಿಸುತ್ತಾರೆ. ಉದುರಡಿಕೆ ಹೆಕ್ಕುವವರ ಹಾಗೆ ನೆಲದ ಮೇಲೆ ಚೆಲ್ಲಿರುವ ಹಿತ್ತಾಳೆಯ ಖಾಲಿ ಕೊಳವೆಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಪಕ್ಕದವರು ಬಿಟ್ಟುಹೋದದ್ದರ ಮೇಲೂ ಅವರಿಗೆ ಕಣ್ಣು. ಇವರು ಮನೆಯಲ್ಲೇ ತೋಟೆ ತುಂಬುವವರು. ಒಮ್ಮೆ ಹಾರಿದ ತೋಟೆಯ ಹಿತ್ತಾಳೆಯನ್ನು ತೊಳೆದು, ತಿದ್ದಿ, ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸಿ ಮತ್ತೆ ಹಾರಿಸುವುದು ಇವರ ಕಸುಬು. ಅಲ್ಲಿ ಇದನ್ನು ರೀಲೋಡಿಂಗ್ ಎನ್ನುತ್ತಾರೆ. ಗ್ಯಾರೇಜಿನ ಮೂಲೆಯಲ್ಲಿ ಗಟ್ಟಿಯಾದ ಒಂದು ಮೇಜು, ಅದಕ್ಕೆ ಬೋಲ್ಟು ಹಾಕಿ ಬಿಗಿದ ಒಂದು ಕೈ ಪ್ರೆಸ್ಸು ಇದ್ದರೆ ಕೆಲಸ ಶುರು.

ಮಲೆನಾಡಿನವರಿಗೆ, ಕೊಡಗಿನವರಿಗೆ ಇದರ ಹಿಂದಿನ ವಿದ್ಯೆ ಹೊಸದಲ್ಲ. ಕೇಪಿನ ಕೋವಿಯ ಕಾಲದಲ್ಲಿ ಪ್ರತಿ ಈಡನ್ನೂ ಕೋವಿ ಹಿಡಿದವನೇ ತಯಾರಿಸಬೇಕಿತ್ತು. ನಳಿಗೆಯ ಬಾಯಿಂದ ಅಳತೆಯ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಗುಂಡೋ ಚರೆಯೋ ಹಾಕಿ, ಮತ್ತೆ ನಾರು ತುರುಕಿ, ಕೊನೆಗೆ ಹಿಂಬದಿಯ ಮೊಲೆಗೆ ಕೇಪು ತೊಡಿಸಬೇಕು. ಮದ್ದು ಹೆಚ್ಚಾದರೆ ಏನಾಗುತ್ತದೆ ಎಂಬುದು ಅವನ ತಲೆನೋವು. ಆಮೇಲೆ ತೋಟೆ ಕೋವಿ ಬಂತು. ಅಳತೆಯ ಹೊಣೆ ಕೋವಿ ಹಿಡಿದವನ ಕೈತಪ್ಪಿ ಯಾವುದೋ ಕಾರ್ಖಾನೆಗೆ ಹೋಯಿತು. ರೀಲೋಡಿಂಗ್ ಮಾಡುವವನು ಆ ಹೊಣೆಯನ್ನು ವಾಪಸು ತಂದು ತನ್ನ ಮೇಜಿನ ಮೇಲೆ ಇಟ್ಟುಕೊಳ್ಳುತ್ತಾನೆ. ಪ್ರೆಸ್ಸಿನ ಹಿಡಿ ಎಳೆಯುವುದನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು. ಹೊಣೆ ಅಷ್ಟು ಬೇಗ ಕೈಗೆ ಹತ್ತುವುದಿಲ್ಲ.

ತೋಟೆಯೊಳಗೆ ಇರುವುದು ನಾಲ್ಕೇ ವಸ್ತು: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ಇವುಗಳಲ್ಲಿ ಮರುಬಳಕೆಯಾಗುವುದು ಹಿತ್ತಾಳೆಯೊಂದೇ. ನೂರರಲ್ಲಿ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು ಸೇರಿದ ಈ ಹಿತ್ತಾಳೆಗೆ ಒಂದು ವಿಶೇಷ ಗುಣವಿದೆ. ಮದ್ದು ಉರಿದ ಕ್ಷಣದಲ್ಲಿ ಅದು ಹಿಗ್ಗಿ ಬಂದೂಕಿನ ಕೋಣೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಬಿಸಿ ಅನಿಲ ಹಿಂದಕ್ಕೆ, ಹೊಡೆಯುವವನ ಮುಖಕ್ಕೆ ಬಾರದಂತೆ ತಡೆಯುತ್ತದೆ. ಮರುಕ್ಷಣ ತುಸು ಕುಗ್ಗಿ, ಹೊರಗೆಳೆಯಲು ಸಡಿಲವಾಗುತ್ತದೆ. ಕಾರಿನ ಚಕ್ರಕ್ಕೆ ನಾವು ತುಂಬುವ ಗಾಳಿಯ ಒತ್ತಡ ಚದರ ಇಂಚಿಗೆ ಮೂವತ್ತು ಚಿಲ್ಲರೆ ಪೌಂಡು. 9 ಮಿ.ಮೀ. ಪಿಸ್ತೂಲಿನ ತೋಟೆಗೆ ನಿಗದಿಯಾದ ಗರಿಷ್ಠ ಒತ್ತಡ 35,000 ಪೌಂಡು. ಅಮೆರಿಕದ ಸೇನೆ 1906ರಲ್ಲಿ ಅಳವಡಿಸಿಕೊಂಡ, ಇವತ್ತಿಗೂ ಶಿಕಾರಿಯವರ ಅಚ್ಚುಮೆಚ್ಚಿನ .30-06 ರೈಫಲ್ ತೋಟೆಗೆ 60,000. ಕೆನ್ನೆಯಿಂದ ಗೇಣು ದೂರದಲ್ಲಿ ನಡೆಯುವ ವ್ಯವಹಾರ ಇದು.

ಕೇಪಿನ ಕಥೆ ಶುರುವಾಗುವುದು ಒಬ್ಬ ಪಾದ್ರಿಯಿಂದ. ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಫೋರ್ಸೈತ್‌ಗೆ ಹಕ್ಕಿ ಬೇಟೆಯ ಹುಚ್ಚು. ಅಂದಿನ ಚಕಮಕಿ ಕಲ್ಲಿನ ಬಂದೂಕಿನಲ್ಲಿ ಮೊದಲು ಕಿಡಿ, ಹೊಗೆ, ಆಮೇಲೆ ಗುಂಡು. ಕಿಡಿ ಕಂಡೊಡನೆ ಹಕ್ಕಿ ಹಾರಿಹೋಗುತ್ತಿತ್ತು. ಪೆಟ್ಟು ಬಿದ್ದ ಕೂಡಲೇ ಸಿಡಿಯುವ ರಾಸಾಯನಿಕವನ್ನು ಬಳಸುವ ಉಪಾಯಕ್ಕೆ ಅವನು 1807ರಲ್ಲಿ ಪೇಟೆಂಟ್ ಪಡೆದ. ಆ ಶತಮಾನದ ಅರ್ಧ ದಾಟಿದ ಮೇಲೂ ತೋಟೆ ಎಂದರೆ ಕಾಗದದ ಪೊಟ್ಟಣವೇ. 1857ರಲ್ಲಿ ನಮ್ಮ ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದದ್ದು ಕೊಬ್ಬು ಸವರಿದ ಅಂಥ ಪೊಟ್ಟಣವನ್ನು. ಲೋಹದ ತೋಟೆ ಬಳಕೆಗೆ ಬಂದ ಮೇಲೆ 1860ರ ದಶಕದಲ್ಲಿ ಕೇಪಿನ ಎರಡು ವಿನ್ಯಾಸಗಳು ನೆಲೆಯೂರಿದವು: ಅಮೆರಿಕದ ಹೈರಮ್ ಬರ್ಡನ್‌ನದು ಒಂದು, ಬ್ರಿಟಿಷ್ ಸೇನಾಧಿಕಾರಿ ಎಡ್ವರ್ಡ್ ಬಾಕ್ಸರ್‌ನದು ಇನ್ನೊಂದು. ತಮಾಷೆಯೆಂದರೆ ಬ್ರಿಟಿಷನ ಕೇಪು ಅಮೆರಿಕದಲ್ಲಿ ಮನೆಮಾತಾಯಿತು, ಅಮೆರಿಕನದು ಯುರೋಪಿಗೆ ಹೋಯಿತು. ಬಾಕ್ಸರ್ ಕೇಪಿನ ಕೊಳವೆಗೆ ಬುಡದ ನಡುವೆ ಒಂದೇ ತೂತು. ಒಳಗಿನಿಂದ ಒಂದು ಸೂಜಿ ತಳ್ಳಿದರೆ ಹಳೆಯ ಕೇಪು ಟಕ್ ಎಂದು ಉದುರುತ್ತದೆ. ಬರ್ಡನ್‌ನದರಲ್ಲಿ ಪಕ್ಕಕ್ಕೆ ಎರಡು ಸಣ್ಣ ತೂತು, ಸೂಜಿಗೆ ದಾರಿಯಿಲ್ಲ. ಮನೆಯಲ್ಲಿ ತೋಟೆ ತುಂಬುವ ಹವ್ಯಾಸ ಅಮೆರಿಕದಲ್ಲಿ ಬೇರು ಬಿಟ್ಟದ್ದಕ್ಕೆ ಆ ಒಂಟಿ ತೂತೂ ಒಂದು ಕಾರಣ.

ಬೇರೆ ಕಾರಣಗಳೂ ಇದ್ದವು. 1870ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯ ಕಾಡೆಮ್ಮೆಗಳನ್ನು ಚರ್ಮಕ್ಕಾಗಿ ಕೊಂದು ಸಾಲುಸಾಲು ಮಲಗಿಸಿದ ಬೇಟೆಗಾರರು ಅಂಗಡಿಯಿಂದ ನೂರಾರು ಮೈಲಿ ದೂರವಿರುತ್ತಿದ್ದರು. ಸೀಸ, ಮದ್ದು, ಕೇಪುಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ, ರಾತ್ರಿ ಬೆಂಕಿಯ ಮುಂದೆ ಕೂತು ನಾಳೆಯ ತೋಟೆ ತುಂಬುತ್ತಿದ್ದರು. ಆ ಹತ್ಯಾಕಾಂಡದ ಬಗ್ಗೆ ಹೆಮ್ಮೆಪಡುವಂಥದ್ದೇನೂ ಇಲ್ಲ. ಆದರೆ ಈ ವಿದ್ಯೆಯ ಒಂದು ಬೇರು ಅಲ್ಲೇ ಇದೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಹವ್ಯಾಸ ಉದ್ಯಮವಾಗತೊಡಗಿತು. ಯುದ್ಧ ಮುಗಿದಾಗ ಸೇನೆಯ ಬಳಿ ಬೇಡದ ಮದ್ದು ರಾಶಿ ಬಿದ್ದಿತ್ತು. ಕಾನ್ಸಾಸ್‌ನ ಬ್ರೂಸ್ ಹಾಡ್ಜ್‌ಡನ್ ಜೀವವಿಮೆಯ ಮೇಲೆ ಸಾಲ ತೆಗೆದು ಅದನ್ನು ಕೊಂಡು, ಹುಲ್ಲುಗಾವಲಿನಲ್ಲಿ ಹಳೆಯ ರೈಲು ಡಬ್ಬಿಯೊಂದನ್ನು ಇರಿಸಿ ಅದರೊಳಗೆ ದಾಸ್ತಾನು ಮಾಡಿದ. ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್‌ನದು ಇನ್ನೂ ಸೊಗಸಾದ ಕಥೆ. ಯುದ್ಧಕಾಲದಲ್ಲಿ ಗುಂಡಿಗೆ ಹೊದಿಸುವ ತಾಮ್ರದ ಅಭಾವ. ಮೈದಾನದಲ್ಲಿ ಬಿಸಾಡಿದ ಪುಟ್ಟ .22 ತೋಟೆಗಳ ಖಾಲಿ ಕೊಳವೆಯನ್ನೇ ಹೊದಿಕೆಯಾಗಿಸಿ ಗುಂಡು ಒತ್ತುವ ಅಚ್ಚನ್ನು ಅವನು ಮಾಡಿದ. ಆ ಗುಂಡು ಬೇಕಿದ್ದದ್ದು ಬಂಡೆಗಳ ಸಂದಿಯಲ್ಲಿ ಬದುಕುವ ರಾಕ್ ಚಕ್ ಎಂಬ ದಪ್ಪ ಅಳಿಲಿನಂಥ ಪ್ರಾಣಿಯ ಬೇಟೆಗೆ. ಹಾಗಾಗಿ ಅಚ್ಚಿಗೆ ರಾಕ್ ಚಕ್ ಬುಲೆಟ್ ಸ್ವೇಜ್ ಎಂದು ಹೆಸರಾಯಿತು. ಅದರ ಮೊದಲಕ್ಷರಗಳಾದ ಆರ್‌ಸಿಬಿಎಸ್ ಇವತ್ತು ಹಸಿರು ಬಣ್ಣದ ಪ್ರೆಸ್ಸುಗಳ ಮೇಲೆ ಮೆರೆಯುತ್ತಿದೆ.

ನಮ್ಮಲ್ಲಿ ಇದಕ್ಕೆ ಅವಕಾಶವಿದೆಯೇ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಮದ್ದುಗುಂಡು ಎಂಬುದರ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಸೇರಿವೆ. ಅಮೆರಿಕದ ಗ್ಯಾರೇಜಿನಲ್ಲಿ ಸುತ್ತಿಗೆ, ಗರಗಸಗಳ ಪಕ್ಕ ನಿಂತಿರುವ ಪ್ರೆಸ್ಸು ಇಲ್ಲಿ ಬೇರೆಯದೇ ವಸ್ತುವಾಗುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ವಿಸ್ತರಿಸಿದ್ದು ನಿಜ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಹಿಡಿದು ಓಡಾಡುವುದಕ್ಕೆ ಸಂಬಂಧಿಸಿದ್ದು. ಕೈಲ್‌ಪೊಳ್ದ್ ಹಬ್ಬದಲ್ಲಿ ಹೂ ಮುಡಿದು ಪೂಜೆಗೊಳ್ಳುವ ಕೋವಿಗೆ ಮನೆಯಲ್ಲೇ ತೋಟೆ ಒತ್ತುವ ಹಕ್ಕನ್ನು ಅದು ಕೊಡುವುದಿಲ್ಲ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಪರವಾನಗಿ ಬೇಡ. ತುಂಬಿ ಮಾರುವ ವ್ಯಾಪಾರಕ್ಕಿಳಿದರೆ ಬೇಕು. ಮುಂದೆ ಹೇಳುವುದೆಲ್ಲ ಆ ದೇಶದ ಗ್ಯಾರೇಜಿನ ಮಾತು.

ಹೊಸಬರು ಮೊದಲು ಕೊಳ್ಳಬೇಕಾದ್ದು ಪುಸ್ತಕ. ಲೈಮನ್, ಹಾರ್ನಡಿ, ಸ್ಪೀರ್, ಸಿಯೆರಾ ಕಂಪನಿಗಳು ದಪ್ಪ ದಪ್ಪ ಕೈಪಿಡಿಗಳನ್ನು ತರುತ್ತವೆ. ಯಾವ ತೋಟೆಗೆ, ಎಷ್ಟು ತೂಕದ ಯಾವ ಗುಂಡಿಗೆ, ಯಾವ ಮದ್ದು ಎಷ್ಟು ಎಂಬ ಕೋಷ್ಟಕಗಳು ಪುಟಗಟ್ಟಲೆ. ಪ್ರತಿ ಸಾಲಿನಲ್ಲೂ ಆರಂಭದ ಅಳತೆ ಒಂದು, ದಾಟಬಾರದ ಅಳತೆ ಇನ್ನೊಂದು. ಕೆಳಗಿನಿಂದ ಶುರು ಮಾಡಿ, ಅಷ್ಟಷ್ಟೇ ಏರಿಸುತ್ತಾ, ಪ್ರತಿ ಮೆಟ್ಟಿಲಲ್ಲೂ ಹಿತ್ತಾಳೆಯ ಮುಖ ನೋಡುತ್ತಾ ಹೋಗಬೇಕು. ಕೇಪು ಚಪ್ಪಟೆಯಾಗಿದೆಯೇ? ರೈಫಲ್ಲಿನ ಬೋಲ್ಟು ಎತ್ತುವಾಗ ಬಿಗಿಯಾಯಿತೇ? ಈ ಲಕ್ಷಣಗಳು ಯಾವಾಗಲೂ ಮುಂಚಿತವಾಗಿ ಎಚ್ಚರಿಸುತ್ತವೆಂದು ನಂಬುವಂತಿಲ್ಲ. ಕಾಣಿಸಿಕೊಳ್ಳುವ ಹೊತ್ತಿಗೆ ಮಿತಿ ದಾಟಿರಬಹುದು. ಅಡುಗೆಯಲ್ಲಿ ತೊಗರಿಬೇಳೆ ಇಲ್ಲದಿದ್ದರೆ ಹೆಸರುಬೇಳೆ ಹಾಕುವ ಹಾಗೆ ಇಲ್ಲಿ ಮದ್ದು ಬದಲಿಸುವಂತಿಲ್ಲ. ಪಿಸ್ತೂಲಿನ ಮದ್ದು ದರಬರನೆ ಉರಿಯುತ್ತದೆ, ರೈಫಲ್ಲಿನದು ನಿಧಾನಿ. ಹೆಸರಿನಲ್ಲಿ ಒಂದು ಅಂಕೆ ಬೇರೆಯಾದರೆ ಸ್ವಭಾವವೇ ಬೇರೆ.

ಎರಡನೆಯದು ಪ್ರೆಸ್ಸು. ಹಿಡಿಯನ್ನು ಒಮ್ಮೆ ಎಳೆದರೆ ಒಂದು ತೋಟೆಯೇ ಹೊರಬೀಳುವ, ಗಂಟೆಗೆ ನೂರಾರು ಮಾಡುವ ಪ್ರೆಸ್ಸುಗಳಿವೆ. ಹೊಸಬರ ಕಣ್ಣು ಅವುಗಳ ಮೇಲೇ. ಆದರೆ ಒಂದು ಸಲಕ್ಕೆ ಒಂದೇ ಕೆಲಸ ಮಾಡುವ, ಮೊದ್ದು ಎನ್ನಿಸುವ ಸಿಂಗಲ್ ಸ್ಟೇಜ್ ಪ್ರೆಸ್ಸೇ ಕಲಿಯಲು ಸರಿ. ಐವತ್ತು ಕೊಳವೆಗೂ ಮೊದಲ ಕೆಲಸ ಮುಗಿಸಿ, ಆಮೇಲೆ ಐವತ್ತಕ್ಕೂ ಎರಡನೆಯದು. ನಿಧಾನವಾಗಿ ನಡೆಯುವಾಗ ಕಣ್ಣಿಗೆ ಪುರಸೊತ್ತು ಇರುತ್ತದೆ.

ಕಲಿಯಲು ರೈಫಲ್ಲಿಗಿಂತ ಹ್ಯಾಂಡ್‌ಗನ್ ಸುಲಭ, ಅದರಲ್ಲೂ .38 ಸ್ಪೆಷಲ್ ರಿವಾಲ್ವರ್ ತೋಟೆ. ಕೊಳವೆ ನೆಟ್ಟಗಿದೆ, ಒತ್ತಡದ ಮಿತಿ 17,000 ಪೌಂಡು, ಹಿತ್ತಾಳೆ ಹತ್ತಾರು ಸಲ ಬಾಳುತ್ತದೆ. ಹೆಕ್ಕಿ ತಂದ ಕೊಳವೆಗಳನ್ನು ಮೊದಲು ಬೆಳಕಿಗೆ ಹಿಡಿದು ನೋಡಬೇಕು. ಬಾಯಿ ಸೀಳಿದ್ದು, ಉಬ್ಬಿದ್ದು ಗುಜರಿಗೆ. ಉಕ್ಕಿನದೂ ಅಲ್ಯೂಮಿನಿಯಮ್ಮಿನದೂ ಬೇಡ. ಉಳಿದದ್ದನ್ನು ಮೆಕ್ಕೆಜೋಳದ ದಿಂಡಿನ ಪುಡಿ ಅಥವಾ ಆಕ್ರೋಟಿನ ಚಿಪ್ಪಿನ ಪುಡಿಯಲ್ಲಿ ಹಾಕಿ ಯಂತ್ರದಲ್ಲಿ ಕುಲುಕಿದರೆ ಮಸಿ ಬಿಟ್ಟು ಹೊಳೆಯುತ್ತವೆ. ಪ್ರೆಸ್ಸಿಗೆ ಜೋಡಿಸುವ ಅಚ್ಚುಗಳಿಗೆ ಡೈ ಎಂದು ಹೆಸರು. ಮೊದಲನೆಯ ಡೈ ಹಿಗ್ಗಿದ ಕೊಳವೆಯನ್ನು ಹಿಂಡಿ ಮೊದಲಿನ ಗಾತ್ರಕ್ಕೆ ತರುತ್ತದೆ, ಜತೆಯಲ್ಲೇ ಸತ್ತ ಕೇಪನ್ನು ಉದುರಿಸುತ್ತದೆ. ಎರಡನೆಯದು ಬಾಯನ್ನು ಕೂದಲಷ್ಟು ಅಗಲಿಸುತ್ತದೆ. ಹಾಗಿಲ್ಲದಿದ್ದರೆ ಗುಂಡು ಕೂರಿಸುವಾಗ ಅಂಚು ಸೀಸವನ್ನು ಕೆತ್ತಿಬಿಡುತ್ತದೆ. ಆಮೇಲೆ ಹೊಸ ಕೇಪು. ಅದು ಬುಡದ ಮಟ್ಟಕ್ಕಿಂತ ಒಂದಿಷ್ಟೂ ಮೇಲೆ ನಿಲ್ಲಬಾರದು. ಕಣ್ಣಿಗಿಂತ ಬೆರಳ ತುದಿ ಇದನ್ನು ಚೆನ್ನಾಗಿ ಹೇಳುತ್ತದೆ.

ಮದ್ದು ಅಳೆಯುವ ಮಾನ ಗ್ರೇನ್. ಒಂದು ಕಾಲದಲ್ಲಿ ಬಾರ್ಲಿ ಕಾಳಿನ ತೂಕವೆಂದು ಗೊತ್ತುಮಾಡಿದ್ದು. ಏಳು ಸಾವಿರ ಗ್ರೇನ್ ಸೇರಿದರೆ ಒಂದು ಪೌಂಡು. ನಮ್ಮ ಅಕ್ಕಸಾಲಿಗರ ಗುಲಗಂಜಿ ಹತ್ತಿರಹತ್ತಿರ 120 ಮಿಲಿಗ್ರಾಂ, ಗ್ರೇನ್ 65. ಅಂದರೆ ಅರ್ಧ ಗುಲಗಂಜಿಗಿಂತ ತುಸು ಜಾಸ್ತಿ. ರೀಲೋಡಿಂಗ್ ತಕ್ಕಡಿ ತೋರಿಸಬೇಕಾದ್ದು ಗ್ರೇನಿನ ಹತ್ತನೇ ಒಂದು ಪಾಲನ್ನು. ಫ್ಯಾನು ತಿರುಗುತ್ತಿದ್ದರೆ ತಕ್ಕಡಿ ಸುಳ್ಳು ಹೇಳುತ್ತದೆ. .30-06 ರೈಫಲ್ ಐವತ್ತು ಗ್ರೇನಿನ ಆಸುಪಾಸು ತಿಂದರೆ ಪಿಸ್ತೂಲು ಐದರ ಆಸುಪಾಸಿನಲ್ಲಿ ತೃಪ್ತ (ಇದು ಅಂದಾಜು, ಯಾರೂ ಇದನ್ನು ನಂಬಿ ಅಳೆಯಬಾರದು). ಅಪಾಯ ಕೂತಿರುವುದು ಆ ಐದರಲ್ಲಿ. .38 ಸ್ಪೆಷಲ್ ತೋಟೆ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಕರಿಮದ್ದಿನ ಹೊಟ್ಟೆಯಳತೆಗೆ. ಈಗಿನ ಹೊಗೆರಹಿತ ಮದ್ದು ಅದರ ತಳದಲ್ಲಿ ಚಿಟಿಕೆಯಷ್ಟು ಬಿದ್ದಿರುತ್ತದೆ. ಗಮನ ತಪ್ಪಿ ಅದೇ ಕೊಳವೆಗೆ ಎರಡನೆಯ ಸಲ ಸುರಿದರೂ ತುಂಬಿ ತುಳುಕುವುದಿಲ್ಲ, ಗುಂಡು ಸಲೀಸಾಗಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಅಕ್ಕಪಕ್ಕದ ನಲವತ್ತೊಂಬತ್ತರ ಒಡಹುಟ್ಟಿದಂತಿರುತ್ತದೆ. ಹಾರಿಸಿದಾಗ ರಿವಾಲ್ವರಿನ ಉರುಳೆ ಸೀಳಿಹೋಗಬಹುದು.

ಮದ್ದೇ ಬೀಳದಿದ್ದರೆ? ಆಗ ಕೇಪಿನ ಬಲವೊಂದೇ ಗುಂಡನ್ನು ತಳ್ಳಿ ನಳಿಗೆಯ ನಡುದಾರಿಯಲ್ಲಿ ನಿಲ್ಲಿಸುತ್ತದೆ. ಢಂ ಎನ್ನುವ ಬದಲು ಠುಸ್ ಎನ್ನುತ್ತದೆ. ‘ಇದೇನು ಸೊರಗಿತಲ್ಲ’ ಎಂದುಕೊಂಡು ಮತ್ತೊಮ್ಮೆ ಕುದುರೆ ಒತ್ತಿದರೆ ಹಿಂದಿನ ಗುಂಡು ಮುಂದಿನದಕ್ಕೆ ಡಿಕ್ಕಿ ಹೊಡೆಯುತ್ತದೆ. ಸದ್ದು ಸಣ್ಣದಾಯಿತೋ, ಕೈ ನಿಲ್ಲಿಸಿ, ಬಂದೂಕು ಬರಿದು ಮಾಡಿ, ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಬೇಕು. ಇವೆರಡೂ ತಪ್ಪುಗಳಿಗೆ ಮದ್ದು ಒಂದೇ, ಪುಕ್ಕಟೆ ಸಿಗುವಂಥದ್ದು: ಐವತ್ತೂ ಕೊಳವೆಗಳನ್ನು ಮರದ ಹಲಗೆಯ ಕುಳಿಗಳಲ್ಲಿ ನಿಲ್ಲಿಸಿ, ಟಾರ್ಚು ಹಿಡಿದು, ಗುಂಡು ಕೂರಿಸುವ ಮೊದಲು ಪ್ರತಿಯೊಂದರ ಬಾಯೊಳಗೆ ಇಣುಕುವುದು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಬೇಕು. ಟಿವಿ ಬೇಡ, ಫೋನು ಬೇಡ, ‘ಒಂಚೂರು ಬಂದುಹೋಗು’ ಎಂದು ಕರೆಯುವ ಮನೆಯವರೂ ಅಷ್ಟು ಹೊತ್ತು ಬೇಡ.

ಮಿತಿಯನ್ನು ದಾಟಿ ನೋಡುವ ಚಪಲಕ್ಕೆ ಒಂದು ಇತಿಹಾಸವಿದೆ. ಐಡಹೋದ ಎಲ್ಮರ್ ಕೀತ್ ದನಗಾವಲಿನ ಕೆಲಸದವನು, ಬೇಟೆಗಾರ, ಬರಹಗಾರ. 1920ರ ದಶಕದಲ್ಲಿ ಭಾರಿ ಈಡುಗಳನ್ನು ತುಂಬಿ ಒಂದು .45 ರಿವಾಲ್ವರನ್ನು ಒಡೆದುಕೊಂಡ. ಅದಾದ ಮೇಲೆ .44 ಸ್ಪೆಷಲ್ ಕಡೆಗೆ ಹೊರಳಿ ದಶಕಗಳ ಕಾಲ ಪ್ರಯೋಗ ಮಾಡಿ, ಕಂಪನಿಗಳ ಬೆನ್ನುಬಿದ್ದ. ಅದರ ಫಲವಾಗಿ 1950ರ ದಶಕದ ನಡುವೆ .44 ಮ್ಯಾಗ್ನಮ್ ಬಂತು. ಅವನನ್ನು ಹೀರೋ ಎಂದು ಕೊಂಡಾಡುವವರು ಬಹಳ. ನನಗೆ ಹೆಚ್ಚು ಗೌರವವಿರುವುದು 1935ರ .357 ಮ್ಯಾಗ್ನಮ್ ರೂಪಿಸಿದವರ ಬಗ್ಗೆ. ಆ ಬಲಶಾಲಿ ತೋಟೆ ತಪ್ಪಿಯೂ ಹಳೆಯ ದುರ್ಬಲ .38 ರಿವಾಲ್ವರಿನೊಳಗೆ ಕೂರಬಾರದೆಂದು ಕೊಳವೆಯನ್ನು ಸುಮಾರು ಎಂಟನೇ ಒಂದು ಇಂಚಿನಷ್ಟು ಉದ್ದ ಮಾಡಿಬಿಟ್ಟರು. ಯಾರದೋ ಬೆರಳುಗಳನ್ನು ಉಳಿಸಿದ ಅಷ್ಟುದ್ದದ ಹಿತ್ತಾಳೆಗೆ ಯಾರೂ ಲಾವಣಿ ಕಟ್ಟಲಿಲ್ಲ.

ಕೊನೆಯ ಡೈ ಗುಂಡನ್ನು ಕೂರಿಸುತ್ತದೆ, ಬಾಯಿಯ ಅಂಚನ್ನು ಒತ್ತುತ್ತದೆ. ಎಷ್ಟು ಆಳಕ್ಕೆ ಎಂಬುದೂ ಅಳತೆಯ ಮಾತೇ, ಕ್ಯಾಲಿಪರ್ ಹಿಡಿದು ನೋಡಬೇಕಾದ್ದು. 9 ಮಿ.ಮೀ. ತೋಟೆಯ ಹೊಟ್ಟೆ ಚಿಕ್ಕದು. ಗುಂಡು ಸ್ವಲ್ಪ ಹೆಚ್ಚು ಒಳಗೆ ಹೋದರೂ ಮದ್ದು ಉರಿಯುವ ಜಾಗ ಕಿರಿದಾಗಿ ಒತ್ತಡ ನೆಗೆಯುತ್ತದೆ. ರಿವಾಲ್ವರಿನ ಗುಂಡನ್ನು ಬಿಗಿಯಾಗಿ ಹಿಡಿಯಬೇಕು, ಇಲ್ಲವಾದರೆ ಹಿಂದೊದೆತಕ್ಕೆ ಪಕ್ಕದ ತೋಟೆಗಳ ಗುಂಡುಗಳು ಮುಂದೆ ಜಾರುತ್ತವೆ. 9 ಮಿ.ಮೀ.ನಲ್ಲಿ ಹಾಗೆ ಬಿಗಿದು ಮಡಚುವಂತಿಲ್ಲ. ಆ ತೋಟೆ ಕೋಣೆಯಲ್ಲಿ ನಿಲ್ಲುವುದೇ ತನ್ನ ಬಾಯಿಯ ಅಂಚನ್ನು ಊರಿಕೊಂಡು.

ರೈಫಲ್ಲಿನ ತೋಟೆಗೆ ಭುಜವಿದೆ, ಕತ್ತಿದೆ. ಹಾಗಾಗಿ ತಕರಾರೂ ಜಾಸ್ತಿ. ಎಣ್ಣೆ ಸವರದೆ ಡೈಗೆ ತಳ್ಳಿದರೆ ಅಲ್ಲೇ ಕಚ್ಚಿ ಕೂರುತ್ತದೆ, ಹಿಡಿಗೆ ಜೋತುಬಿದ್ದರೂ ಬರುವುದಿಲ್ಲ. ಹೊಸಬರಲ್ಲಿ ಇದನ್ನು ಅನುಭವಿಸದವರು ಕಡಿಮೆ. ಪ್ರತಿ ಸಲ ಹಾರಿಸಿ ಹಿಂಡಿದಾಗಲೂ ಹಿತ್ತಾಳೆ ಕತ್ತಿನ ಕಡೆಗೆ ಹರಿದು ಉದ್ದವಾಗುತ್ತದೆ, ಹೆಚ್ಚಾದದ್ದನ್ನು ಕತ್ತರಿಸಿ ಅಂಚು ತೀಡಬೇಕು. ಕತ್ತು ಉದ್ದವಾಯಿತೆಂದರೆ ಎಲ್ಲೋ ಮೈ ತೆಳ್ಳಗಾಯಿತೆಂದೇ ಅರ್ಥ. ಆ ‘ಎಲ್ಲೋ’ ಸಾಮಾನ್ಯವಾಗಿ ಬುಡದಿಂದ ಸ್ವಲ್ಪ ಮೇಲೆ. ಮುಂದೊಂದು ದಿನ ಕೊಳವೆ ಅಲ್ಲೇ ತುಂಡಾಗುತ್ತದೆ. ಇದನ್ನು ಪತ್ತೆ ಮಾಡುವ ಸಾಧನವೆಂದರೆ ಜೆಮ್ ಕ್ಲಿಪ್ಪು. ಅದನ್ನು ಬಿಡಿಸಿ ತುದಿಯನ್ನು ಕೊಕ್ಕೆಯಂತೆ ಬಾಗಿಸಿ, ಕೊಳವೆಯೊಳಗೆ ಇಳಿಸಿ ಗೋಡೆಗುಂಟ ಎಳೆದರೆ ತೆಳುವಾದ ಕಡೆ ಕೊಕ್ಕೆ ತಡೆಯುತ್ತದೆ. ನೂರಾರು ಡಾಲರಿನ ಸಲಕರಣೆಯ ನಡುವೆ ಮೇಷ್ಟರ ಮೇಜಿನ ಮೇಲಿನ ಈ ತಂತಿ.

ಇಷ್ಟೆಲ್ಲ ಪಾಡು ಹಣ ಉಳಿಸುವುದಕ್ಕೆಂದು ಶುರುವಾಗುತ್ತದೆ. ಹಿತ್ತಾಳೆ ತೋಟೆಯ ನಾಲ್ಕು ಭಾಗಗಳಲ್ಲಿ ದುಬಾರಿಯಾದದ್ದು, ಅದು ಉಳಿದರೆ ಲಾಭ ಎಂಬ ಲೆಕ್ಕ ಸರಿಯೇ. ಆದರೆ ಅಗ್ಗವಾಯಿತೆಂದು ಎರಡರಷ್ಟು ಹೊಡೆಯುವವರೇ ಎಲ್ಲ. 2020ರ ನಂತರ ಕೇಪುಗಳೇ ಅಂಗಡಿಯಿಂದ ಮಾಯವಾಗಿ, ಸಿಕ್ಕರೂ ಬೆಲೆ ಗಗನಕ್ಕೇರಿ, ಈ ಲೆಕ್ಕವೂ ಕೆಟ್ಟಿತು. ಉಳಿಯುವ ನಿಜವಾದ ಕಾರಣ ಗುರಿ. ಒಂದೊಂದು ರೈಫಲ್ಲಿಗೆ ಒಂದೊಂದು ರುಚಿ. ನೂರು ಗಜದಲ್ಲಿ ಐದು ಗುಂಡು ಒಂದು ಇಂಚಿನೊಳಗೆ ಕೂರುವಂತೆ ಅದರ ರುಚಿಯನ್ನು ಹುಡುಕುತ್ತಾ ಚಳಿಗಾಲವಿಡೀ ಕಳೆಯುವ ಜನರಿದ್ದಾರೆ. ವೀಣೆಯ ಮೇಳ ಕಟ್ಟುವವರ ತಾಳ್ಮೆ ಅದು.

ಕಣ್ಣಿಗೆ ಕನ್ನಡಕ ತೊಡದೆ ಕೇಪು ಮುಟ್ಟಬಾರದು. ಕೇಪಿನ ಉಳಿಕೆಯಲ್ಲೂ ಗುಂಡಿನಲ್ಲೂ ಸೀಸ ಇರುತ್ತದೆ, ಕುಲುಕುವ ಯಂತ್ರದ ಧೂಳಿನಲ್ಲೂ. ಮೇಜಿನ ಬಳಿ ಕಾಫಿ, ಕುರುಕಲು ಸಲ್ಲದು. ಎದ್ದವರು ಸೋಪು ಹಾಕಿ ಕೈ ತೊಳೆಯಬೇಕು. ಮದ್ದು ಅದರದೇ ಡಬ್ಬಿಯಲ್ಲಿ, ಮಕ್ಕಳ ಕೈಗೆಟುಕದ ಜಾಗದಲ್ಲಿ.

ತುಂಬಿದ ತೋಟೆಗಳ ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸುತ್ತಾರೆ: ಯಾವ ಮದ್ದು, ಎಷ್ಟು ಗ್ರೇನ್, ಯಾವ ಗುಂಡು, ಯಾವ ಕೇಪು, ಎಷ್ಟನೆಯ ಸಲ, ತಾರೀಕು. ಮೇಜಿನ ಕೆಳಗಿನ ಖಾನೆಯಲ್ಲಿ ಇನ್ನೊಂದು ಸಾಧನ ಇರುತ್ತದೆ. ಬಂದವರಿಗೆ ಪ್ರೆಸ್ಸು, ತಕ್ಕಡಿಗಳನ್ನು ತೋರಿಸುವ ಉಮೇದಿನಲ್ಲಿ ಯಾರೂ ಅದನ್ನು ಹೊರತೆಗೆಯುವುದಿಲ್ಲ. ಪ್ಲಾಸ್ಟಿಕ್ಕಿನ ಟೊಳ್ಳು ತಲೆಯ ಸುತ್ತಿಗೆ. ತೋಟೆಯನ್ನು ಅದರ ತಲೆಯೊಳಗೆ ಸಿಕ್ಕಿಸಿ ಮರದ ಕೊರಡಿಗೆ ಕುಟ್ಟಿದರೆ ಗುಂಡು ಕಳಚಿ, ಮದ್ದು ಸುರಿದು, ಕೂರಿಸಿದ್ದೆಲ್ಲ ಬಿಡಿಬಿಡಿಯಾಗುತ್ತದೆ. ಐವತ್ತನ್ನು ಮುಗಿಸಿ ಪೆಟ್ಟಿಗೆ ಮುಚ್ಚುವ ಹೊತ್ತಿಗೆ, ನಡುವೆ ಯಾರೋ ಬಾಗಿಲು ಬಡಿದಾಗ ಎದ್ದುಹೋದದ್ದು ನೆನಪಾಗುತ್ತದೆ. ಹಿಂತಿರುಗಿ ಬಂದು ಕೂತಾಗ ಯಾವ ಕೊಳವೆಗೆ ಮದ್ದು ಸುರಿದಾಗಿತ್ತು, ಯಾವುದಕ್ಕೆ ಇಲ್ಲ? ಟಾರ್ಚು ಹಿಡಿದು ಇಣುಕಿದ್ದೆನೇ? ಇಣುಕಿದ್ದೆ ಅನ್ನಿಸುತ್ತದೆ. ಗ್ಯಾರೇಜಿನಿಂದ ಸುತ್ತಿಗೆಯ ಸದ್ದು ಶುರುವಾಗುತ್ತದೆ, ಐವತ್ತೂ ಮುಗಿಯುವವರೆಗೆ.